ನೇರ ಹೋಗುವ ದೀಪ

ಮಾರ್ಚ್ 3, ಸೋಮವಾರ. ಸಂಜೆ

ಫ್ಯೂಸ್ ಸರಿ ಇದೆ. ಇವತ್ತೂ ನೋಡಿದ್ದಾಯಿತು.

ಬೆಳಿಗ್ಗೆ ಸೋದರಮಾವನ ಹಲ್ಲಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವುದು, ಸಂಜೆ ಅವರ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸುವುದು. ಎಂ.ಎ. ಮುಗಿಸಿದ ಮೇಲೆ ನನ್ನ ಕೆಲಸ ಇಷ್ಟೇ. ಮಾವನಿಗೆ ಸೊಂಟ ಬಗ್ಗುವುದಿಲ್ಲ. ನಾನು ಕಡ್ಡಿಯಂತಿದ್ದೇನೆ, ಎಲ್ಲಿ ಬೇಕಾದರೂ ತೂರುತ್ತೇನೆ. ಅವರು ಜಗಲಿಯ ಕುರ್ಚಿಯಲ್ಲಿ ಕೂತು ಕಾರಿನ ಹಳೇ ಮ್ಯಾನ್ಯುಯಲ್ ಓದುತ್ತಾರೆ. ನಾನು ಅವರ ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ವೈರುಗಳ ಹಿಂದೆ ಇಣುಕುತ್ತೇನೆ.

"ಏನು ಕಾಣ್ತಿದೆ?"

"ಧೂಳು."

"ಹುಳುಕು ಏನಾದ್ರೂ?"

"ಇಲ್ಲ ಮಾವ."

ಇಂಡಿಕೇಟರ್ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಸ್ಟೇರಿಂಗ್ ಪಕ್ಕದ ಕಡ್ಡಿ ಮೇಲೆತ್ತಿದರೆ ಟಿಕ್ ಅನ್ನುವ ಸದ್ದೂ ಇಲ್ಲ. ಅತ್ತೆ ಟೀ ತಂದಿಟ್ಟು ಕೇಳಿದರು, "ನನ್ನ ಸವತಿಗೆ ಇನ್ನೂ ಮಾತು ಬರಲಿಲ್ವಾ?" ಮದುವೆಯಾಗಿ ಬಂದಾಗ ಈ ಕಾರು ಆಗಲೇ ಮನೆಯಲ್ಲಿತ್ತಂತೆ. ಹಿರಿಯ ಸವತಿ.

ಇಂಡಿಕೇಟರ್ ಕೆಟ್ಟದ್ದು ಕಳೆದ ತಿಂಗಳ ಅಪಘಾತಕ್ಕೆ ಮುಂಚೆ. ಈಗ ಅದೇ ಮಾವನಿಗೆ ಸಾಕ್ಷಿ. ಅವರು ಮುಖ್ಯರಸ್ತೆಯಲ್ಲಿ ನೇರ ಹೋಗುತ್ತಿದ್ದರು. ಎಡಗಡೆಯ ಅಡ್ಡರಸ್ತೆಯ ತುದಿಯಲ್ಲಿ ಕೊರಿಯರ್ ಹುಡುಗಿ ಸ್ಕೂಟರ್ ನಿಲ್ಲಿಸಿಕೊಂಡಿದ್ದವಳು ಇದ್ದಕ್ಕಿದ್ದಂತೆ ಮುಂದೆ ಬಂದಳು. ಕಾರು ತಾಗಿ ಅವಳ ಮಣಿಕಟ್ಟು ಮುರಿಯಿತು. ಕಾರಿನ ಎಡ ಇಂಡಿಕೇಟರ್ ಮಿಣುಕುತ್ತಿತ್ತು, ತನ್ನ ರಸ್ತೆಗೇ ತಿರುಗುತ್ತದೆ ಅಂದುಕೊಂಡೆ ಅನ್ನುತ್ತಾಳೆ. ಇನ್ಸ್‌ಪೆಕ್ಟರ್ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕಡ್ಡಿ ಎತ್ತಿಸಿ ನೋಡಿದರು. ದೀಪ ಇಲ್ಲ. ಸತ್ತ ದೀಪ ಮಿಣುಕುವುದು ಹೇಗೆ? ಅಲ್ಲಿಗೆ ಅವಳು ಸುಳ್ಳುಗಾತಿ ಎಂದಾಯಿತು. ಇನ್ಸ್‌ಪೆಕ್ಟರ್ ಬಾಯಲ್ಲಿ ಮಾವ ಕಟ್ಟಿದ ಹಲ್ಲುಗಳಿವೆ, ಅದೂ ಒಂದು ಕಾರಣ.

ಹದಿನಾಲ್ಕರಂದು ಮಾವ ಸ್ಟೇಷನ್ನಿಗೆ ಲಿಖಿತ ಹೇಳಿಕೆ ಕೊಡಬೇಕು. ಬರೆಯುವುದು ನನ್ನ ಪಾಲಿಗೆ.

"ಸಾಹಿತ್ಯ ಓದಿದೋಳು. ನೀಟಾಗಿ ಬರಿ. ಉಪಮೆ ಗಿಪಮೆ ಬೇಡ."

ಮಾರ್ಚ್ 5, ಬುಧವಾರ

ಕೊರಿಯರ್ ಹುಡುಗಿ ಕ್ಲಿನಿಕ್ಕಿಗೆ ಬಂದಿದ್ದಳು. ಮಾವ ಒಳಗೆ ಯಾರದೋ ದವಡೆಯಲ್ಲಿ ಮುಳುಗಿದ್ದರು. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತಳು. ಕೈ ಕುತ್ತಿಗೆಗೆ ಜೋತುಬಿದ್ದಿದೆ. ಪ್ಲಾಸ್ಟರಿನ ಮೇಲೆ ಯಾವುದೋ ಮಗು ಹೂವು ಬಿಡಿಸಿದೆ. ಡಾಕ್ಟರಿಗೆ ಬರುವ ಡಬ್ಬಿಗಳನ್ನೆಲ್ಲ ತಂದುಕೊಡುತ್ತಿದ್ದವಳು ಇವಳೇ. "ಸೈನ್ ಹಾಕಿ ಅಕ್ಕ" ಅನ್ನುವುದನ್ನು ಬಿಟ್ಟು ನಾವಿಬ್ಬರೂ ಮಾತಾಡಿದ್ದು ಕಡಿಮೆ.

"ನನ್ನ ಕೈ ವಿಷಯ ಬಿಡಿ ಅಕ್ಕ. ವಾಸಿಯಾಗುತ್ತೆ. ತಪ್ಪು ನನ್ನದೇ ಅಂತ ಸ್ಟೇಷನ್ನಲ್ಲಿ ಬರೆದ್ರೆ ಆಫೀಸಲ್ಲಿ ಮತ್ತೆ ಸ್ಕೂಟರ್ ಕೊಡಲ್ಲ. ಬರಲೇಬೇಡ ಅಂದಿದ್ದಾರೆ."

ಪೆನ್ನಿನ ಕ್ಯಾಪು ತೆಗೆದೆ, ಹಾಕಿದೆ.

"ಎಡಗಡೆ ಮಿಣುಕ್ತಾ ಇತ್ತು. ನನ್ನ ಕಣ್ಣಾಣೆ. ಡಾಕ್ಟರ್ ಸುಳ್ಳು ಹೇಳ್ತಾರೆ ಅಂತ ನಾನು ಅನ್ನಲ್ಲ. ಆದ್ರೆ ನಾನೂ ಹೇಳ್ತಿಲ್ಲ."

ಹೋದಳು. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅಂದರೆ... ಅದು ಆಗುವ ಮಾತಲ್ಲ. ಒಳಗಿನಿಂದ ಮಾವ ಕೂಗಿದರು, "ಯಾರೇ ಅದು?" ಯಾರೂ ಇಲ್ಲ ಅಂದೆ.

ಮಾರ್ಚ್ 9, ಭಾನುವಾರ

ಇಡೀ ದಿನ ಕಾರಿನ ಜೊತೆ. ಕೂದಲಲ್ಲಿ ಗ್ರೀಸು.

ಮಾವ ಮ್ಯಾನ್ಯುಯಲ್ಲಿನ ಒಂದು ಉಪಾಯ ಓದಿದರು. ಇಂಡಿಕೇಟರ್ ಸತ್ತಿದ್ದರೆ ಮೊದಲು ಹಜಾರ್ಡ್ ಒತ್ತಿ ನೋಡಿ. ಗಾಡಿ ರಸ್ತೆಯಲ್ಲಿ ಕೆಟ್ಟು ನಿಂತಾಗ ನಾಲ್ಕು ಮೂಲೆಯ ದೀಪಗಳನ್ನೂ ಒಟ್ಟಿಗೆ ಮಿಣುಕಿಸುವ ಸ್ವಿಚ್ಚು ಅದು. ದೀಪ ಅವೇ, ಆದರೆ ಅದಕ್ಕೆ ಕರೆಂಟು ಬರುವ ದಾರಿ ಬೇರೆ. ಹಜಾರ್ಡ್ ಹತ್ತಿದರೆ ಬಲ್ಬುಗಳು, ಅಲ್ಲಿಗೆ ಹೋಗುವ ವೈರುಗಳು ಸರಿ ಇವೆ ಎಂದರ್ಥ.

ಒತ್ತಿದೆ. ಟಿಕ್, ಟಿಕ್. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದ ರಭಸಕ್ಕೆ ತಲೆ ಹೊಡೆದುಕೊಂಡೆ.

ಕಾರಿನ ಸುತ್ತ ಒಂದು ಸುತ್ತು ಬಂದೆ. ಹಿಂದೆ ಎರಡೂ ಮಿಣುಕುತ್ತಿವೆ. ಮುಂದೆ ಎಡಗಡೆಯದೂ. ಮುಂದಿನ ಬಲಗಡೆಯದು ಮಾತ್ರ ಸುಮ್ಮನಿದೆ. ಗಾಜು ಬಿಚ್ಚಿದರೆ ಒಳಗೆ ಮಳೆನೀರಿನ ಕಲೆ, ಬಲ್ಬು ಕೂರುವ ಕಡೆ ಕಂದು ತುಕ್ಕು. ಬಲ್ಬು ಹೊಸದರಂತಿದೆ, ಕರೆಂಟು ವಾಪಸು ಹೋಗಲು ದಾರಿಯಿಲ್ಲ, ಅಷ್ಟೇ. ಮಾವ ತಮ್ಮ ಹಳೆಯ ಕೊಕ್ಕೆ ಕಡ್ಡಿ ಕೊಟ್ಟರು, ಹಲ್ಲಿನ ಸಂದಿ ಕೆರೆಯುವುದು. ಬಹಳ ಹೊತ್ತು ಕೆರೆದೆ. "ನೋವಾದ್ರೆ ಕೈ ಎತ್ತು ಅಂತ ಹೇಳು ಅದಕ್ಕೆ" ಅಂದರು. ಹತ್ತಿತು. ನಾಲ್ಕೂ ಹತ್ತಿದವು.

ಆದರೂ ಕಡ್ಡಿ ಎತ್ತಿದರೆ ಇಂಡಿಕೇಟರ್ ಇಲ್ಲ.

ಮತ್ತೆ ಮ್ಯಾನ್ಯುಯಲ್. ನಕ್ಷೆಯ ಮೇಲೆ ಬೆರಳಿಟ್ಟು ಗೆರೆಯ ಹಿಂದೆ ಹೋದೆ. ವಿಚಿತ್ರ — ಇಂಡಿಕೇಟರಿನ ಕರೆಂಟು ಹಜಾರ್ಡ್ ಸ್ವಿಚ್ಚಿನ ಹೊಟ್ಟೆಯೊಳಗಿಂದಲೇ ಹಾದುಹೋಗುತ್ತದೆ. ಹಜಾರ್ಡ್ ಆರಿಸಿದಾಗ ಒಳಗಿನ ಒಂದು ತಗಡು ಇನ್ನೊಂದಕ್ಕೆ ತಾಗಬೇಕು. ತಾಗಿದರೆ ಇಂಡಿಕೇಟರಿಗೆ ಜೀವ. ಸ್ವಿಚ್ಚು ಬಿಚ್ಚಿ ಮಾವನ ಕನ್ನಡಿಯಲ್ಲಿ ನೋಡಿದೆ. ತಗಡು ಕಪ್ಪಗೆ, ಸವೆದು ಹಳ್ಳ ಬಿದ್ದಿದೆ. ತಾಗುತ್ತಲೇ ಇಲ್ಲ.

ಉಜ್ಜಿ, ಸ್ವಲ್ಪ ಬಗ್ಗಿಸಿ ಕೂರಿಸಿದೆ. ಕಡ್ಡಿ ಎತ್ತಿದೆ. ಎಡ. ಇಳಿಸಿದೆ. ಬಲ. ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒಂದೇ ವಿಷಯ ತಲೆ ಕೊರೆಯುತ್ತಿದೆ. ಈ ಕಾರು ದಾರಿಯಲ್ಲಿ ಕೆಟ್ಟು ನಿಂತದ್ದೇ ಇಲ್ಲ ಎಂದು ಮಾವ ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಾರೆ. ಹಾಗಾದರೆ ಹಜಾರ್ಡ್ ಸ್ವಿಚ್ಚು ಇಷ್ಟು ಸವೆದದ್ದು ಯಾಕೆ?

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆ ಕ್ಲಿನಿಕ್ಕಿಗೆ ಕಾರಿನಲ್ಲೇ ಹೋದೆವು. ನಾನು ಮುಂದಿನ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಮಾವ ಮದುವಣಿಗನ ಹಾಗೆ. ತಿರುವು ಬಂದಲ್ಲೆಲ್ಲ ಕಡ್ಡಿ ಎತ್ತಿ ನನ್ನ ಮುಖ ನೋಡುತ್ತಿದ್ದರು.

ದೊಡ್ಡ ವೃತ್ತ. ನಾವು ನೇರ ಹೋಗಬೇಕು. ಮಾವ ಎಂದಿನಂತೆ ಯಾವ ಪೇಷೆಂಟು ಅರಿವಳಿಕೆಗೆ ಹೆದರಿ ಓಡಿಹೋದ ಎಂದು ಹೇಳುತ್ತಿದ್ದರು. ಎಡಗೈ ಸ್ಟೇರಿಂಗ್ ಬಿಟ್ಟು ಮುಂದೆ ಹೋಯಿತು. ಹಜಾರ್ಡ್ ಒತ್ತಿತು. ಟಿಕ್, ಟಿಕ್. ವೃತ್ತ ದಾಟಿತು. ಕೈ ಮತ್ತೆ ಹೋಯಿತು, ಆರಿಸಿತು. ಮಾತು ಒಂದು ಅಕ್ಷರವೂ ನಿಲ್ಲಲಿಲ್ಲ.

ಮುಂದಿನ ಕ್ರಾಸಿನಲ್ಲೂ. ಅದರ ಮುಂದಿನದರಲ್ಲೂ. ನೇರ ಹೋಗುವ ಕಡೆಯಲ್ಲೆಲ್ಲ. ಉಗುಳು ನುಂಗುವುದು ನುಂಗಿದವರಿಗೆ ತಿಳಿಯುತ್ತದೆಯೇ, ಹಾಗೆ.

ಕೇಳಬೇಕಿತ್ತು. ಕಿಟಕಿಯ ಆಚೆ ನೋಡುತ್ತ ಕೂತೆ.

ಈಗ ಟೋಕನ್ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಿಡಿಸಿ ಬರೆದರೆ ನನಗೇ ಸಮಾಧಾನ. ಅವತ್ತು ಇಂಡಿಕೇಟರ್ ಸತ್ತಿತ್ತು. ಮಾವ ಹೇಳುವುದು ನಿಜ. ಆದರೆ ನೇರ ಹೋಗುತ್ತಿದ್ದರು, ಅಂದರೆ ಹಜಾರ್ಡ್ ಒತ್ತಿರುತ್ತಾರೆ. ಮುಂದಿನ ಬಲ ದೀಪ ತುಕ್ಕು ಹಿಡಿದು ಕೂತಿತ್ತು. ಎದುರಿನಿಂದ ನೋಡಿದವಳಿಗೆ ಮಿಣುಕುವುದು ಕಂಡದ್ದು ಒಂದೇ ದೀಪ. ಎಡಗಡೆಯದು.

ಅವಳು ಹೇಳುವುದೂ ನಿಜ.

ಆ ತುಕ್ಕನ್ನು ನಿನ್ನೆ ಕೆರೆದು ಚೊಕ್ಕ ಮಾಡಿದವಳು ನಾನು. ಈಗ ಯಾರು ಬಂದು ನೋಡಿದರೂ ನಾಲ್ಕೂ ಹತ್ತುತ್ತವೆ. ಗೊತ್ತಿರುವುದು ನನಗೊಬ್ಬಳಿಗೆ. ಹೇಳಿದರೆ ತಪ್ಪು ಮಾವನ ತಲೆಗೆ ಬರುತ್ತದೆ. ಈ ಮನೆಯಲ್ಲಿ ನನಗೆ ಕೋಣೆ ಕೊಟ್ಟವರು, ಮೇಜು ಕೊಟ್ಟವರು...

ಟೋಕನ್ ಕೇಳುತ್ತಿದ್ದಾರೆ.

ಮಾರ್ಚ್ 13, ಗುರುವಾರ. ಬೆಳಿಗ್ಗೆ

ಹೇಳಿಕೆಯ ಕರಡು ಮುಗಿದಿದೆ. ಮಾವ ಹೇಳಿದರು, ನಾನು ಬರೆದೆ. ಚೆನ್ನಾಗಿದೆ. ಅದೇ ಕಷ್ಟ. "ಆ ಸಮಯದಲ್ಲಿ ನನ್ನ ವಾಹನದ ಯಾವ ದೀಪವೂ ಮಿಣುಕುತ್ತಿರಲಿಲ್ಲ." ಈ ಸಾಲು ಬರೆಯುವಾಗ ಅಕ್ಷರ ವಾಲಿದೆ. ಮಾವ ಕನ್ನಡಕ ಏರಿಸಿ ನೋಡಿದರು.

"ಏನಾಯ್ತೇ? ಮೂರು ದಿನದಿಂದ ಸಪ್ಪೆಯಾಗಿದ್ದೀಯ. ಹಲ್ಲುನೋವಾ?"

ಇಲ್ಲ ಅಂದೆ.

"ಜಗತ್ತಿನೋರ ಬಾಯೆಲ್ಲ ತೆರೆಸಿದೀನಿ. ನಿನ್ನದು ಮಾತ್ರ ನನ್ನ ಕೈಲಿ ಆಗಲಿಲ್ಲ ನೋಡು."

ಅದೇ ದಿನ. ಸಂಜೆ

ಮಾತಿನಲ್ಲಿ ಹೇಳಲು ನನ್ನಿಂದಾಗದು. ಅದಕ್ಕೆ ಹೀಗೆ ಮಾಡಿದೆ.

ಕಾರು ಗೇಟಿನೊಳಗೆ ರಸ್ತೆಯ ಕಡೆ ಮುಖ ಮಾಡಿ ನಿಂತಿತ್ತು. ಮುಂದಿನ ಬಲಗಡೆಯ ಬಲ್ಬು ಕಳಚಿ ಮುಷ್ಟಿಯಲ್ಲಿ ಇಟ್ಟುಕೊಂಡೆ. ಮಾವನನ್ನು ಕರೆದು ಎದುರುಮನೆಯ ಗೋಡೆಯ ಹತ್ತಿರ ನಿಲ್ಲಿಸಿದೆ. ಡ್ರೈವರ್ ಸೀಟಿನಲ್ಲಿ ಕೂತೆ. ಅತ್ತೆ ಜಗಲಿಯಲ್ಲಿ ಬಟ್ಟೆ ಮಡಿಸುತ್ತಿದ್ದರು.

"ಮಾವ, ನಾನು ಯಾವ ಕಡೆ ಹೋಗ್ತೀನಿ, ಹೇಳಿ."

"ಲೈಸೆನ್ಸ್ ಇಲ್ದೆ ನೀನೆಲ್ಲಿಗೆ ಹೋಗ್ತೀಯ?"

"ದೀಪ ನೋಡಿ ಹೇಳಿ."

ಒತ್ತಿದೆ.

"ಎಡಕ್ಕೆ. ಸರಿಯಾಗೇ ಇದೆಯಲ್ಲ, ಇನ್ನೇನು?"

"ಹತ್ತಿರ ಬನ್ನಿ."

ಕಿಟಕಿಯ ಬಳಿ ಬಂದರು. ಕಡ್ಡಿ ಇದ್ದಲ್ಲೇ ಇದೆ, ನನ್ನ ಬೆರಳು ಹಜಾರ್ಡ್ ಮೇಲಿದೆ. ನೋಡಿದರು. ಇನ್ನೊಂದು ಕೈಯ ಮುಷ್ಟಿ ಬಿಚ್ಚಿದೆ. ಬಲ್ಬನ್ನು ಎತ್ತಿಕೊಂಡು ಆಗಷ್ಟೇ ಕಿತ್ತ ಹಲ್ಲಿನಂತೆ ಬೆಳಕಿಗೆ ಹಿಡಿದರು.

"ಇದು ಅವತ್ತು..."

"ಹತ್ತುತ್ತಿರಲಿಲ್ಲ. ಭಾನುವಾರ ನಾನೇ ಕೆರೆದದ್ದು, ನೀವೇ ಕಡ್ಡಿ ಕೊಟ್ಟಿರಿ."

"ನಾನು ಹಜಾರ್ಡ್ ಯಾಕೆ ಒತ್ತಲಿ? ಗಾಡಿ ಕೆಟ್ಟಿರಲಿಲ್ಲ."

"ನೇರ ಹೋಗುವಾಗೆಲ್ಲ ಒತ್ತುತ್ತೀರಿ ಮಾವ."

"ಯಾರು ಹೇಳಿದ್ದು?"

ಜಗಲಿಯಿಂದ ಅತ್ತೆ, ತಲೆ ಎತ್ತದೆ: "ಮದುವೆಯಾದಾಗಿಂದ ನೋಡ್ತಿದೀನಿ. ಯಾಕ್ರೀ ಅಂತ ಒಂದ್ಸಲ ಕೇಳಿದ್ದಕ್ಕೆ, ಎಡಕ್ಕೆ ಹೋಗೋನು ಎಡ ಅಂತಾನೆ, ಬಲಕ್ಕೆ ಹೋಗೋನು ಬಲ ಅಂತಾನೆ, ನೇರ ಹೋಗೋನು ಮೂಗನಾ ಅಂದ್ರಿ. ಆಮೇಲೆ ನಾನು ಕೇಳೋದು ಬಿಟ್ಟೆ."

ಮಾವ ಬಲ್ಬನ್ನು ಬೆರಳುಗಳ ನಡುವೆ ತಿರುಗಿಸಿದರು. "ಎಲ್ಲರೂ ಹಾಕ್ತಾರೆ" ಅಂದರು, ಯಾರಿಗೂ ಅಲ್ಲ. ಬಲ್ಬು ಕೈಯಲ್ಲೇ ಹಿಡಿದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ಹಜಾರ್ಡ್ ಇನ್ನೂ ಮಿಣುಕುತ್ತಿತ್ತು. ಆರಿಸಿದೆ.

ಅತ್ತೆ ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದರು. "ಊಟಕ್ಕೆ ಬರ್ತಾರೆ ಬಿಡು" ಅಂದರು. ಬರಲಿಲ್ಲ.

ಮಾರ್ಚ್ 14, ಶುಕ್ರವಾರ

ಎದ್ದಾಗ ಮಾವ ಅಂಗಳದಲ್ಲಿದ್ದರು. ಮೊಣಕಾಲೂರಿ ಬಲ್ಬನ್ನು ಅದರ ಜಾಗಕ್ಕೆ ತಿರುಗಿಸುತ್ತಿದ್ದರು. ಬಗ್ಗದ ಸೊಂಟ ಹೇಗೋ ಬಗ್ಗಿತ್ತು. ಎಬ್ಬಿಸಲು ಕೈ ಕೊಟ್ಟೆ. ಹಿಡಿದುಕೊಂಡರು.

ತಿಂಡಿ ಆದ ಮೇಲೆ: "ಆ ಹಾಳೆ ತಗೊಂಡು ಬಾ."

ತಂದೆ. ವಾಲಿದ ಸಾಲಿನ ಮೇಲೆ ತಾವೇ ಗೆರೆ ಎಳೆದರು. ಪಕ್ಕದಲ್ಲಿ, ಔಷಧಿ ಚೀಟಿಯ ಆ ಕೋಳಿಕಾಲಿನ ಅಕ್ಷರದಲ್ಲಿ, ಏನೋ ಬರೆದರು. ನನ್ನಿಂದ ಓದಲಾಗಲಿಲ್ಲ.

"ಇನ್ಸ್‌ಪೆಕ್ಟರಿಗೂ ಓದಕ್ಕಾಗಲ್ಲ" ಅಂದೆ.

"ಅದಕ್ಕೇ ನೀನು ಬರ್ತಿದೀಯ. ಓದಿ ಹೇಳ್ಬೇಕು. ಗಟ್ಟಿಯಾಗಿ."

"ನಾನಾ?"

"ಮತ್ತೆ? ತುಕ್ಕು ಕೆರೆದೋಳು ನೀನು. ನಾನು ಹೇಳಿದ್ರೆ, ಡಾಕ್ಟರ್ ಪಾಪ ದೊಡ್ಡ ಮನಸ್ಸು ಮಾಡಿದ್ರು ಅಂತಾರೆ. ಆ ಹುಡುಗಿ ಹೇಳಿದ್ದು ನಿಜ ಅಂತ ಆಗಲ್ಲ."

ದಾರಿಯಲ್ಲಿ ಒಂದೊಂದೇ ಪದ ಹೇಳಿಸಿ ಅವರ ಅಕ್ಷರ ಬಿಡಿಸಿಕೊಂಡೆ: "ನೇರ ಹೋಗುವಾಗ ನಾನು ಹಜಾರ್ಡ್ ಒತ್ತಿದ್ದೆ, ಮುಂದೆ ಎಡಗಡೆಯ ದೀಪ ಮಾತ್ರ ಮಿಣುಕುತ್ತಿತ್ತು." ದೊಡ್ಡ ವೃತ್ತ ಬಂತು. ನೇರ ಹೋಗಬೇಕು. ಮಾವನ ಎಡಗೈ ಎದ್ದಿತು. ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಅದನ್ನು ಅವರೇ ನೋಡಿದರು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ವಾಪಸು ತಂದು ತೊಡೆಯ ಮೇಲೆ ಇಟ್ಟುಕೊಂಡರು. ದಾಟಿದೆವು. ಹಿಂದಿನ ಬಸ್ಸು ಹಾರನ್ ಕೂಡ ಮಾಡಲಿಲ್ಲ.

"ಇಷ್ಟೇನಾ" ಅಂದರು.

ಈಗ ಸ್ಟೇಷನ್ನಿನ ಎದುರು, ಕಾರಿನೊಳಗೆ. ಇನ್ಸ್‌ಪೆಕ್ಟರ್ ಬರಲು ಇನ್ನೂ ಸಮಯವಿದೆಯಂತೆ. ಹಾಳೆ ನನ್ನ ಮಡಿಲಲ್ಲಿದೆ. ಮನಸ್ಸಿನಲ್ಲೇ ಓದಿಕೊಂಡೆ, ಸರಿಯಾಗಿ ಬರುತ್ತದೆ. ಗಟ್ಟಿಯಾಗಿ ಇನ್ನೂ ಓದಿಲ್ಲ.

ಕೊರಿಯರ್ ಹುಡುಗಿ ಆ ಕಡೆಯ ಫುಟ್‌ಪಾತಿನಲ್ಲಿ ನಡೆದು ಬರುತ್ತಿದ್ದಾಳೆ. ಕೈ ಇನ್ನೂ ಜೋತುಬಿದ್ದಿದೆ. ಕಾರು ಕಂಡು ನಿಂತಳು. ಮಾವ ಬಾಗಿಲು ತೆರೆದು ಇಳಿದರು. ನನ್ನ ಕಡೆ ತಿರುಗಿದ್ದಾರೆ. ನಾನು ಹಾಳೆ ಹಿಡಿದು ಇಳಿಯುತ್ತೇನೆ, ಮೊದಲು ಅವಳಿಗೇ ಓದಿ ಹೇಳುತ್ತೇನೆ, ಗಟ್ಟಿಯಾಗಿ.