ನನ್ನ ಕಡೆ, ನಿನ್ನ ಕಡೆ

ರೀ,

ಆಸ್ಪತ್ರೆಯಲ್ಲಿ ನೀವು ಸ್ಲೇಟಿನ ಮೇಲೆ ಬರೆದು ಮಾತಾಡುತ್ತೀರಿ, ನಾನು ಬಾಯಲ್ಲಿ ಉತ್ತರ ಕೊಡುತ್ತೇನೆ. ಇದು ನ್ಯಾಯವಲ್ಲ ಅನ್ನಿಸಿತು. ಅದಕ್ಕೇ ಈ ಸಲ ನಾನೂ ಬರೆಯುತ್ತಿದ್ದೇನೆ. ನಾಳೆ ಮನೆಗೆ ಕರೆತರಲು ಬಂದಾಗ ಕೈಗೆ ಕೊಡುತ್ತೇನೆ, ಓದಿ ಆಮೇಲೆ ಕಾರು ಹತ್ತಿ.

ಕಾರಿನಲ್ಲಿ ದಾರಿ ಹೇಳುವ ನಮ್ಮ ಜಿಪಿಎಸ್ ಡಬ್ಬಿ ಒಡೆಯಿತು ಎಂದಿದ್ದೆನಲ್ಲ. ನಾನು ಬ್ರೇಕು ಒತ್ತಿದ ರಭಸಕ್ಕೆ ಅದು ಗಾಜಿನಿಂದ ಕಳಚಿ ಬಿತ್ತು, ಅದರ ಮೇಲೆ ಬಿಸಿನೀರಿನ ಫ್ಲಾಸ್ಕು ಬಿತ್ತು. ಸ್ಕ್ರೀನು ಚೂರುಚೂರು. ನೀವು ಸ್ಲೇಟಿನಲ್ಲಿ "ಹೋಗ್ಲಿ ಬಿಡು, ಫೋನಲ್ಲೇ ದಾರಿ ಸಿಗುತ್ತೆ" ಎಂದು ಬರೆದಿರಿ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಹಣ್ಣು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಹೊರಗೆ ಹೋದೆ. ದಾರಿ ಯಾರಿಗೆ ಬೇಕಿತ್ತು? ಆಪರೇಷನ್ನಿನಲ್ಲಿ ನಿಮ್ಮ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಫೋನಿನ ವಿಡಿಯೊಗಳಲ್ಲಿ ನೀವು ಊರವರ ಜೊತೆಯೆಲ್ಲ ಮಾತಾಡುತ್ತೀರಿ. ನನ್ನ ಜೊತೆ ಮಾತಾಡುವುದು ಆ ಡಬ್ಬಿಯಲ್ಲಿ ಮಾತ್ರ.

ಅದಕ್ಕೆ ನಮ್ಮದೇ ದನಿ ತುಂಬಬಹುದು ಎಂದು ಗೊತ್ತಾದ ದಿನ ನೀವು ಕುಣಿದಾಡಿದ್ದು ನೆನಪಿದೆಯೇ? ಬಣ್ಣದ ಡಬ್ಬಿ ಮಾರಲು ಊರೂರು ಸುತ್ತುವವರಿಗೆ ಬಾಯಿ ಸುಮ್ಮನಿದ್ದರೆ ತಾನೆ. ನನಗೋ ಎಡ ಬಲ ಎಂದರೆ ಇಂದಿಗೂ ಗೊಂದಲ. ಅಂಗಿಯ ತೋಳುಗಳನ್ನು ಅದಲು ಬದಲು ಹೊಲಿದು ಗಿರಾಕಿಗಳಿಂದ ಬೈಸಿಕೊಂಡವಳು. ಹಾಗಾಗಿ ನಮ್ಮ ಕಾರಿನಲ್ಲಿ ಎಡಬಲ ಎಂಬುದೇ ಇರಲಿಲ್ಲ. ಸ್ಟಿಯರಿಂಗ್ ಹಿಡಿದ ನಿಮ್ಮ ಬಲಬದಿ "ನನ್ನ ಕಡೆ", ನಾನು ಕೂರುವ ಎಡಬದಿ "ನಿನ್ನ ಕಡೆ". ಡಬ್ಬಿಗೂ ಹಾಗೇ ಹೇಳಿಕೊಟ್ಟಿರಿ. ಪಕ್ಕದ ಕೋಣೆಯಲ್ಲಿ ನಾನು ಹೊಲಿಯುತ್ತಿದ್ದೆ. "ನಿನ್ನ ಕಡೆ ತಿರುಗು" ಎಂದವರು ಅದೇ ಉಸಿರಿನಲ್ಲಿ "ಆ ಮಿಷನ್ ಸ್ವಲ್ಪ ನಿಲ್ಸೇ" ಎಂದು ನನ್ನನ್ನು ಕೂಗಿದಿರಿ. ಅದೂ ಒಳಗೆ ಸೇರಿಕೊಂಡಿತು. ಅಳಿಸುತ್ತೇನೆ ಎಂದಿರಿ, ಅಳಿಸಲಿಲ್ಲ. ಅಂದಿನಿಂದ ಎಡ ತಿರುವು ಬಂದಾಗಲೆಲ್ಲ ನಾನು ಮಿಷನ್ ನಿಲ್ಲಿಸಬೇಕಾಯಿತು.

ನೀವು ಆಸ್ಪತ್ರೆ ಸೇರಿದ ಮೇಲೆ ನಿಮ್ಮ ಸೀಟಿನಲ್ಲಿ ಕೂತೆ. "ನಿನ್ನ ಕಡೆ" ಎಂದಾಗ ನಾನು ಕೂತ ಕಡೆಗೇ ತಿರುಗಿಸಿ ಸೀದಾ ಒಂದು ಸಿಮೆಂಟು ಗೋದಾಮಿಗೆ ನುಗ್ಗಿದೆ. ಕಾವಲಿನವನು "ಎಷ್ಟು ಮೂಟೆ ಬೇಕಮ್ಮಾ?" ಎಂದು ಕೇಳಿದ. ಆಗ ಪಕ್ಕದ ಖಾಲಿ ಸೀಟು ನೋಡಿದೆ. ನೀವು ಕರೆಯುತ್ತಿದ್ದುದು ಅಲ್ಲಿ ಕೂರುತ್ತಿದ್ದವಳನ್ನು.

ರಿಪೇರಿ ಅಂಗಡಿಯವನು "ಬರೀ ಸ್ಕ್ರೀನ್ ಹಾಕೋಕಾಗಲ್ಲ ಅಕ್ಕಾ, ಒಳಗಿನ ಬೋರ್ಡೂ ಬದಲಾಯಿಸ್ಬೇಕು. ಹಳೇದೆಲ್ಲ ಹೋಗುತ್ತೆ" ಎಂದ. ಅವನ ಕೈಯಿಂದ ಕಿತ್ತುಕೊಂಡು ಬಂದೆ. ಅದೇ ಮಾದರಿಯ ಸ್ಕ್ರೀನನ್ನು ಆನ್‌ಲೈನಿನಲ್ಲಿ ಹುಡುಕಿ ತರಿಸಿದೆ. ಇವತ್ತು ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ದೇವರಿಗೊಂದು ಮಾತು ಹೇಳಿ ಶುರುಮಾಡಿದೆ. ಬಿಚ್ಚಿದ ಸ್ಕ್ರೂಗಳನ್ನು ಗುಂಡುಪಿನ್ನು ಎತ್ತುವ ಆಯಸ್ಕಾಂತಕ್ಕೆ ಅಂಟಿಸಿದೆ. ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಸಂದಿಗೆ ತೂರಿಸಿ ಮುಚ್ಚಳ ಬಿಡಿಸಿದೆ. ಒಡೆದ ಗಾಜಿನ ಅಂಟು ಬಿಡಲು ಕೂದಲು ಒಣಗಿಸುವ ಬಿಸಿಗಾಳಿ ಬಿಟ್ಟೆ. ಸ್ಕ್ರೀನಿನಿಂದ ಬೋರ್ಡಿಗೆ ಹೋಗುವ ಕಾಗದದಷ್ಟು ತೆಳುವಾದ ಪಟ್ಟಿಯನ್ನು ಒಂದು ಪುಟ್ಟ ಚಿಲಕ ಹಿಡಿದುಕೊಂಡಿರುತ್ತದೆ. ಸೂಜಿಗೆ ದಾರ ಪೋಣಿಸುವ ನಾಜೂಕಿನಲ್ಲಿ ಅದನ್ನು ಉಗುರಿನಿಂದ ಎತ್ತಿದೆ. ಅದೊಂದು ಮುರಿದರೆ ಮುಗಿಯಿತು.

ಹೊಸದನ್ನು ಕೂರಿಸಿದೆ, ಬೆಳಕು ಬಂತು. ಆದರೆ ಎಡಗಡೆ ಮುಟ್ಟಿದರೆ ಬಲಗಡೆಯದು ತೆರೆಯುತ್ತಿತ್ತು. ನನ್ನ ಕೈಗೆ ಸಿಕ್ಕಿದ್ದೇ ತಡ, ಅದಕ್ಕೂ ಎಡಬಲ ಮರೆತುಹೋಯಿತು ನೋಡಿ. ಒಬ್ಬಳೇ ಕೂತು ನಕ್ಕೆ, ನಗುತ್ತಲೇ ಅತ್ತೆ. ಎಲ್ಲವನ್ನೂ ಉಲ್ಟಾ ಒತ್ತುತ್ತ ಸೆಟ್ಟಿಂಗಿಗೆ ಹೋಗಿ, ಅದು ಮೂಲೆಗಳಲ್ಲಿ ತೋರಿಸಿದ ಗುರುತುಗಳನ್ನು ಮುಟ್ಟಿ ಸರಿಮಾಡಿದೆ.

ಆಮೇಲೆ ಕಾರಿಗೆ ಸಿಕ್ಕಿಸಿಕೊಂಡು ನಮ್ಮ ಬೀದಿಯನ್ನೇ ಸುತ್ತಿದೆ. ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ತಿರುವು ಬಂದಾಗಲೆಲ್ಲ "ನಿನ್ನ ಕಡೆ ತಿರುಗು, ಆ ಮಿಷನ್ ಸ್ವಲ್ಪ ನಿಲ್ಸೇ". ಮನೆ ಬಂದರೂ ನಿಲ್ಲಿಸದೆ ಮುಂದೆ ಹೋದೆ. ಮೂಲೆ ಅಂಗಡಿಯವನು ನೋಡಿ ನೋಡಿ, "ಏನಾದ್ರೂ ಕಳ್ಕೊಂಡ್ರಾ ಅಕ್ಕಾ?" ಎಂದು ಕೇಳಿದ. "ಸಿಕ್ತಪ್ಪಾ" ಎಂದೆ.

ನಾಳೆ ನೀವು ನನ್ನ ಜಾಗದಲ್ಲಿ ಕೂರುತ್ತೀರಿ. ನಿಮ್ಮ ದನಿ ನಿಮ್ಮ ಕಿವಿಗೇ ಬಿದ್ದರೆ ನಿಮಗೆ ಹೇಗಾಗುತ್ತದೋ, ಅದೇ ನನ್ನ ಭಯ. ತಡೆಯಲಾಗದಿದ್ದರೆ ಅದರ ಮೇಲೆ ಕೈಯಿಡಿ, ಆರಿಸುತ್ತೇನೆ, ನೀವಿಲ್ಲದಾಗ ಕೇಳಿಕೊಳ್ಳುತ್ತೇನೆ. ಆದರೆ ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಸಿಗುವುದು ಎಡ ತಿರುವು. ಅದೊಂದನ್ನು ಕೇಳಲು ಬಿಡಿ. "ನಿನ್ನ ಕಡೆ" ಎಂದಾಗ ನಾನು ನಿಮ್ಮ ಕಡೆ ತಿರುಗುತ್ತೇನೆ, ಈ ಸಲ ತಪ್ಪುವುದಿಲ್ಲ.

ಗಂಟಲಿನ ಗಾಯ ಬೇಗ ಮಾಯಲಿ. ಇವತ್ತು ಕೆಮ್ಮಿಲ್ಲದೆ ನಿದ್ದೆ ಬರಲಿ.

ಮಿಷನ್ ನಿಲ್ಲಿಸಿ ಕೂತಿರುವ,
ನಿಮ್ಮ ಎಡಗಡೆಯವಳು