ಅಪ್ಪ ಬರೆದ ‘ಹೋಗುವನು’

10 ಜೂನ್ 2024, ಬೆಳಿಗ್ಗೆ 6

ನೆರೆದ ಮಹಾಜನರೇ! ಮುಂದಿನ ಚಾಪೆಯ ತಾಯಂದಿರೇ! ಹಿಂದೆ ಕಂಬಕ್ಕೆ ಒರಗಿ ಶೇಂಗಾ ತಿನ್ನುವ ಗೆಳೆಯರೇ! ಸದ್ದು, ಸದ್ದು...

ಸಭೆಯಲ್ಲಿ ಇರುವವರು — ಕುಕ್ಕರ್ ಒಂದು, ಪಾತೇಲಿ ಮೂರು, ಗೋಡೆಯ ಮೇಲೆ ಅಪ್ಪ, ಅವ್ವ, ಹಾರ ಹಾಕಿಸಿಕೊಂಡ ನನ್ನ ಹೆಂಡತಿ ಶಿವಕಾಂತಾ. ಮಗ ಪ್ರಲ್ಹಾದ ಐದೂವರೆಗೇ ಕೋಚಿಂಗ್ ಕ್ಲಾಸಿಗೆ ಪಾಠ ಹೇಳಲು ಹೋದ. ನಾವಿರುವ ಈ ಇಡೀ ಸದಾಶಿವ ಪೇಠವೇ ಐದೂವರೆಗೆ ಕ್ಲಾಸಿಗೆ ಹೋಗುತ್ತದೆ.

ಚಹಾ ಆಯಿತು. ಬಿಪಿ ಗುಳಿಗೆ ಆಯಿತು. ಇಂದು ಚಿನ್ನುವಿನ ರಕ್ತದ ದಿನ. ಮೊಮ್ಮಗಳಿಗೆ ಐದು ವರ್ಷ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಮೊದಲು ಈ ಮನೆಯಿಂದಲೇ ರಿಕ್ಷಾ ಹಿಡಿದು ಹೋಗುತ್ತಿದ್ದೆವು — ನಾನು, ಅವಳು, ಅವಳ ನೀಲಿ ನೀರಿನ ಬಾಟಲಿ. ಎರಡು ತಿಂಗಳಿಂದ ತಾಯಿಯ ತವರೂರು ಭೋರಿನಿಂದ ಬರುತ್ತಾಳೆ, ತಾಯಿಯ ಜೊತೆ. ನಾನು ಹೋಗಿ ಕಾರಿಡಾರಿನಲ್ಲಿ ನಿಲ್ಲುತ್ತೇನೆ, ಪ್ರೇಕ್ಷಕನ ಹಾಗೆ.

ಅದೇ ದಿನ, ಸಂಜೆ

ಶಿವಾಜಿನಗರದ ಆಸ್ಪತ್ರೆ, ಎರಡನೇ ಮಹಡಿ. ಚಿನ್ನು ಬರುವಾಗ ಸುಣ್ಣದ ಗೋಡೆಯಂತೆ ಬಿಳುಚಿದ್ದಳು. ನನ್ನನ್ನು ಕಂಡವಳೇ, “ಅಜ್ಜಾ, ರಾಜಾನ ನಗಿ ನಗು!”

ನಕ್ಕೆ. ಹೊಟ್ಟೆಯಿಂದ, ರಂಗದ ಹಳೆಯ ಅಳತೆಯಲ್ಲೇ. ವಾರ್ಡು ನಡುಗಿತು. ನರ್ಸ್ ಬಾಗಿಲಲ್ಲಿ ತಲೆ ಹಾಕಿ, “ಆಜೋಬಾ, ಆವಾಜ್ ಕಮೀ ಕರಾ! ಹೇ ಥಿಯೇಟರ್ ನಾಹೀ!” ಎಂದು ಮರಾಠಿಯಲ್ಲಿ ಗದರಿದಳು — ಅಜ್ಜಾ, ದನಿ ತಗ್ಗಿಸಿ, ಇದು ಥಿಯೇಟರಲ್ಲ. ಚಿನ್ನು ಸೂಜಿ ಚುಚ್ಚಿದ್ದನ್ನೂ ಮರೆತು ಖಿಲ್ ಎಂದಳು.

ಕುಸುಮ ನಗಲಿಲ್ಲ. ಸೊಸೆ ಅವಳು, ಅದಕ್ಕೂ ಮೊದಲು ನನ್ನ ತಂಗಿ ಅಂಬಾಬಾಯಿಯ ಮಗಳು. “ಮಾಮಾ, ಮಾಮಾ, ಕತಿ ಹೇಳೋ” ಎಂದು ಬೆನ್ನು ಹತ್ತಿ ಕೂರುತ್ತಿದ್ದ ಹುಡುಗಿ. ಈಗ “ಊಟ ಆತೇನ್ರಿ” ಅನ್ನುತ್ತಾಳೆ. ಆ ‘ರಿ’ ಒಂದು ಬಾಗಿಲು. ಒಳಗಿನಿಂದ ಚಿಲಕ ಹಾಕಿದ್ದು.

“ಮನೀಗೆ ಎಂದ ಬರ್ತಿ?” ಅಂದೆ.

“ಹೇಳೇನಲ್ರಿ. ತಪ್ಪಾತು ಅಂತ ಅನ್ರಿ, ನಮ್ಮಪ್ಪನ ಮುಂದ, ನಾಕು ಮಂದಿ ಎದುರಿಗೆ, ನಿಮ್ಮ ಬಾಯಿಲೆ. ಅವತ್ತು ಹೆಂಗ ಅಂದ್ರಿ, ಹಂಗ.”

ಬಾಟಲಿಯಿಂದ ಹನಿ ಬೀಳುವುದನ್ನು ನೋಡುತ್ತ ನಿಂತೆ.

11 ಜೂನ್

ಯಾರೂ ಓದದ ಪುಸ್ತಕ ಇದು. ಇಲ್ಲಾದರೂ ಬರೆಯಲೇಬೇಕು.

ಚಿನ್ನುವಿನ ಜವಳ. ಮೂರೂವರೆ ವರ್ಷದ ಹಿಂದೆ, ಇದೇ ವಾಡೆಯ ಅಂಗಳ. ನಲವತ್ತು ಎಲೆ. ಮಗುವಿಗೆ ಥಲಸ್ಸೇಮಿಯಾ ಎಂದು ಗೊತ್ತಾಗಿ ಆರು ತಿಂಗಳಾಗಿತ್ತು. ಯಾರೋ ಮೆಲ್ಲಗೆ, “ಅವ್ವಣ್ಣನವರ, ಕೂಸಿಗೆ ಇದು ಎಲ್ಲಿಂದ ಬಂತ್ರಿ?” ಎಂದು ನನ್ನನ್ನು ಕೇಳಿದರು. ಮೆಲ್ಲಗೆ ಕೇಳಿದ್ದಕ್ಕೆ ಮೆಲ್ಲಗೆ ಉತ್ತರ ಕೊಡುವ ಪಾಠ ನಮ್ಮ ನಾಟಕದ ಕಂಪನಿಯಲ್ಲಿ ಕಲಿಸಲಿಲ್ಲ. ಎದ್ದು ನಿಂತೆ. ಶಲ್ಯ ಹೆಗಲಿಗೆ ಎಸೆದೆ.

“ನಮ್ಮ ವಂಶದಾಗ ಏಳು ತಲಿ ಹಿಂದ ಹೋಗ್ರಿ, ಇಂಥಾ ಹೊಲಸು ರಕ್ತ ಸಿಗೂದಿಲ್ಲ! ಇದು ಗಿರಣಿ ಮನಿ ರಕ್ತ!”

ಗಿರಣಿ ಮನೆ — ತಂಗಿಯ ಗಂಡ ಸಂಕಪ್ಪನ ಮನೆ. ಭೋರಿನಲ್ಲಿ ಹಿಟ್ಟಿನ ಗಿರಣಿ. ನನ್ನ ಬೀಗ. ಹೋಳಿಗೆ ಮುರಿದ ಕೈ ಹಾಗೇ ನಿಂತಿತು. ಎದ್ದ. ಕೈ ತೊಳೆದ. ಹೋದ. ಇವತ್ತಿಗೂ ಈ ಹೊಸ್ತಿಲು ತುಳಿದಿಲ್ಲ.

ಕುಸುಮ ಸಹಿಸಿಕೊಂಡು ಇದ್ದಳು. ಈ ಏಪ್ರಿಲಿನಲ್ಲಿ ಡಾಕ್ಟರು ಹಿರಿಯರ ರಕ್ತವನ್ನೂ ನೋಡಬೇಕೆಂದರು. ನಾನು ಕೊಡಲಿಲ್ಲ. ಸಂಕಪ್ಪ ಅಂಬಾಬಾಯಿಯನ್ನೂ ಕರೆದುಕೊಂಡು ಮರುದಿನವೇ ಬಸ್ಸು ಹತ್ತಿ ಆಸ್ಪತ್ರೆಗೆ ಬಂದು ಕೊಟ್ಟ. ಅವನದು ಶುದ್ಧ. ಏನೂ ಇಲ್ಲ. ದೋಷ ಇದ್ದದ್ದು ಅಂಬಾಬಾಯಿಯಲ್ಲಿ — ನನ್ನ ತಂಗಿಯಲ್ಲಿ. ಕುಸುಮ ಎರಡೂ ರಿಪೋರ್ಟು ತಂದು ನನ್ನ ತಾಟಿನ ಪಕ್ಕ ಇಟ್ಟಳು.

ಆಗಲಾದರೂ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. “ಪ್ರಲ್ಹಾದನ ರಕ್ತದಾಗಿಂದು ಅವನ ಅವ್ವನ ಕಡಿಯಿಂದ ಬಂದಿರಬೇಕು” ಅಂದೆ. ಶಿವಕಾಂತಾ ತೀರಿಕೊಂಡು ಹನ್ನೊಂದು ವರ್ಷ. ಅವಳ ರಕ್ತವನ್ನು ಯಾವ ಲ್ಯಾಬೂ ನೋಡಲಾರದು. ಅದು ಗೊತ್ತಿದ್ದೇ ಅಂದೆ.

ಕುಸುಮ ಮಾರನೆಯ ದಿನ ಚಿನ್ನುವಿನ ಫ್ರಾಕುಗಳನ್ನು ಬ್ಯಾಗಿಗೆ ತುಂಬಿದಳು.

14 ಜೂನ್

ಕನ್ನಡ ಸಂಘದ ಶ್ರೀನಾಥ್ ಬಂದಿದ್ದರು. ಮೈಸೂರಿನ ಹುಡುಗ, ಐಟಿ. ಜುಲೈ ಕೊನೆಗೆ ರಕ್ತ ತಪಾಸಣೆಯ ಕ್ಯಾಂಪ್. ಮದುವೆಗೆ ಮೊದಲು, ಅದರಲ್ಲೂ ಸಂಬಂಧದೊಳಗಿನ ಮದುವೆಗೆ ಮೊದಲು, ರಕ್ತ ನೋಡಿಸಿಕೊಳ್ಳಿ ಎಂದು ಜನಕ್ಕೆ ಹೇಳಬೇಕಂತೆ.

“ಸರ್, ನೀವು ಅರ್ಧ ಗಂಟೆ ಮಾತಾಡ್ಬೇಕು. ಬರೀ ಡಾಕ್ಟರ್ ಮಾತಾಡಿದ್ರೆ ಜನ ಸ್ಲೈಡ್ ಎರಡಕ್ಕೇ ಊಟಕ್ಕೆ ಎದ್ದೋಗ್ತಾರೆ. ನಿಮ್ಮ ವಾಯ್ಸ್ ಇದ್ರೆ ಪಾರ್ಕಿಂಗ್‌ನಲ್ಲಿರೋರೂ ಒಳಗೆ ಬರ್ತಾರೆ.”

ನನ್ನ ಮನೆಯ ವಿಷಯ ಆತನಿಗೆ ಗೊತ್ತಿಲ್ಲ. ಒಪ್ಪಿದೆ. ವೇದಿಕೆ ಎಂದರೆ ಒಪ್ಪುವುದು... ಚಟ.

16 ಜೂನ್

ಪ್ರಲ್ಹಾದನ ಕ್ಲಾಸಿಗೆ ಹೋದೆ. ಡಾಕ್ಟರಾಗ ಹೊರಟ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಾನೆ. ಬೆಂಚು ಖಾಲಿ. ನಾನೊಬ್ಬನೇ ವಿದ್ಯಾರ್ಥಿ, ಅರವತ್ತೊಂಬತ್ತರ ಪ್ರಾಯ.

ಬೋರ್ಡಿನ ಮೇಲೆ ದೊಡ್ಡ ಗುಂಡು, ಒಳಗೆ ಸಣ್ಣ ಗುಂಡು. “ಇದು ಜೀವಕೋಶ. ಒಳಗಿಂದು ನ್ಯೂಕ್ಲಿಯಸ್. ಡಿಎನ್‌ಎ ಅದರೊಳಗ ಇರ್ತದ. ಹೊರಗ ಬರೂದಿಲ್ಲ.”

“ಮಾಲೀಕರ ಟ್ರಂಕು!” ಅಂದೆ.

ನಮ್ಮ ಕಂಪನಿಯಲ್ಲಿ ನಾಟಕದ ಮೂಲಪ್ರತಿ ಮಾಲೀಕರ ಟ್ರಂಕು ಬಿಟ್ಟು ಬರುತ್ತಿರಲಿಲ್ಲ. ಬಂದರೆ ಮರುವಾರ ಎದುರು ಕಂಪನಿಯ ಟೆಂಟಿನಲ್ಲಿ ಅದೇ ನಾಟಕ! ನನ್ನಪ್ಪ ಕಂಪನಿಯ ನಕಲುಗಾರ. ಮಾಲೀಕರ ಎದುರೇ ಕೂತು, ಯಾವ ನಟನಿಗೆ ಯಾವ ಪಾತ್ರವೋ ಅದರ ಮಾತಷ್ಟನ್ನೇ ಹಾಳೆಗೆ ಇಳಿಸಿ ಕೊಡುತ್ತಿದ್ದ. ರಾಜನ ಹಾಳೆಯಲ್ಲಿ ರಾಜ ಮಾತ್ರ. ನಟನಿಗೆ ಆ ಹಾಳೆಯೇ ವೇದ.

ಪ್ರಲ್ಹಾದ ಒಂದು ಕ್ಷಣ ಸೀಮೆಸುಣ್ಣ ತಿರುಗಿಸಿದ. “ಅಗದೀ ಬರೋಬ್ಬರಿ. ಡಿಎನ್‌ಎ ಅಂದ್ರ ಇಡೀ ಟ್ರಂಕು. ಒಂದೊಂದು ಪಾತ್ರದ ಮಾತು ಅಂದ್ರ ಒಂದೊಂದು ಜೀನ್. ಬೇಕಾದ ಜೀನ್ ಅಷ್ಟ ಕಾಪಿ ಆಗ್ತದ — ಅದು ಆರ್‌ಎನ್‌ಎ, ನಿನ್ನ ಹಾಳಿ. ಹಾಳಿ ಹೊರಗ ಬರ್ತದ. ರೈಬೋಸೋಮ್ ಅಂತ ಅದ, ಅದು ಮೂರು ಮೂರು ಅಕ್ಷರ ಕೂಡಿಸಿ ಓದ್ತದ. ಮೂರು ಅಕ್ಷರಕ್ಕ ಒಂದು ಮಣಿ. ಅಮೈನೋ ಆಸಿಡ್. ಮಣಿ ಮ್ಯಾಲೆ ಮಣಿ ಪೋಣಿಸಿದ್ರ ಸರ. ಸರ ಮಡಚಿ ಆಕಾರಕ್ಕ ಬಂದ್ರ ಪ್ರೋಟೀನ್.”

“ಚಿನ್ನುಂದು?”

ಅವನು ಬೋರ್ಡಿನ ಕಡೆಗೇ ಮುಖ ಮಾಡಿ ಹೇಳಿದ. “ಹಿಮೋಗ್ಲೋಬಿನ್ನೂ ಪ್ರೋಟೀನ್. ಎರಡು ನಮೂನಿ ಸರ ಕೂಡಿ ಆಗ್ತದ. ಒಂದು ಸರದ ಜೀನ್‌ನಾಗ ಒಂದ ಒಂದು ಅಕ್ಷರ ತಪ್ಪೇದ ಅಪ್ಪಾ. ಮಣಿಯ ಗುರುತು ಇರಬೇಕಾದ ಜಾಗಾದಾಗ ‘ಮುಗೀತು, ನಿಲ್ಲಿಸು’ ಅನ್ನೂ ಗುರುತು ಬಂದೇದ. ನೂರಾ ನಲವತ್ತಾರು ಮಣಿ ಆಗಬೇಕು. ಹದಿನೈದರ ಹತ್ರನ ನಿಲ್ತದ. ತುಂಡು ಸರ ಯಾವುದಕ್ಕೂ ಬರೂದಿಲ್ಲ.”

ಪ್ರತಿಯೊಬ್ಬರ ಬಳಿಯೂ ಎರಡು ಮೂಲಪ್ರತಿ. ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟರೂ ಇನ್ನೊಂದರಿಂದ ನಾಟಕ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಪ್ರಲ್ಹಾದನದು ಹಾಗೆ. ಕುಸುಮಳದು ಹಾಗೆ. ಇಬ್ಬರ ಕೆಟ್ಟ ಪ್ರತಿಯೇ ಚಿನ್ನುವಿನ ಪಾಲಿಗೆ ಬಂತು.

ಬೋರ್ಡು ಒರೆಸುತ್ತ ಅಂದ, “ಲಗ್ನಕ್ಕ ಮೊದಲು ಇದನ್ನ ಹೇಳಾಕ ಬಂದಿದ್ದೆ. ಅತ್ತಿ ಮಗಳು, ಒಂದ ಮನಿ ರಕ್ತ, ಇಬ್ರೂ ಟೆಸ್ಟ್ ಮಾಡಿಸ್ತೀವಿ ಅಂದಿದ್ದೆ. ನೀ ಏನಂದಿ, ನೆನಪೈತಿ?”

ನೆನಪಿದೆ. “ಕುಂಡಲಿ ಕೂಡೇದ, ಮನಿ ಹೆಣ್ಣು ಮನಿಗೇ ಬರ್ತದ, ಇನ್ನ ಸೂಜಿ ಯಾಕೋ ಮಾಸ್ತರಾ!” ಇಡೀ ಪಡಸಾಲೆ ನಕ್ಕಿತ್ತು. ನಗಿಸಿದೆ ಎಂದು ನಾನು ಉಬ್ಬಿದ್ದೆ.

1 ಜುಲೈ

ಚಿನ್ನುವಿನ ದಿನ. ಅವಳು ಮಲಗಿದ್ದಾಗ ಕೆಳಗಿನ ಮಹಡಿಯ ಲ್ಯಾಬಿಗೆ ಇಳಿದೆ. ನನ್ನ ತೋಳು ಚಾಚಿದೆ. ಯಾರಿಗೂ ಹೇಳಲಿಲ್ಲ. ಸೂಜಿ ಚುಚ್ಚುವವನು ಹೆಸರು ಕೇಳಿದ. ಮೊದಲ ಬಾರಿಗೆ ನನ್ನ ಧ್ವನಿ ಕೇಳಿಸಲಿಲ್ಲ — “ಕಾಯ್? ಮೋಠ್ಯಾನೆ ಬೋಲಾ” ಅಂದ, ಏನು, ಜೋರಾಗಿ ಹೇಳಿ ಎಂದು.

4 ಜುಲೈ

ಬಂತು. ಹಿಮೋಗ್ಲೋಬಿನ್ ಎ-ಟು: 5.6. ಮೂರೂವರೆ ದಾಟಬಾರದು, ದಾಟಿದರೆ ಕೆಟ್ಟ ಪ್ರತಿ ಇದೆ ಎಂದರ್ಥ.

ನಾನೇ.

ರಿಪೋರ್ಟು ನನ್ನ ವೇಷದ ಬಣ್ಣದ ಪೆಟ್ಟಿಗೆಯಲ್ಲಿ, ಒಣಗಿದ ಕುಂಕುಮದ ಕೆಳಗೆ ಇಟ್ಟೆ.

21 ಜುಲೈ

ಹದಿನೇಳು ದಿನ ಬರೆಯಲಿಲ್ಲ. ಶಿವಕಾಂತಾಳ ಫೋಟೋಕ್ಕೆ ಹಾರ ಬದಲಿಸಲಿಲ್ಲ. ಯಾವ ಮುಖದಿಂದ...

ಒಂದು ಹಳೆಯ ದೃಶ್ಯ ಬಿಡುತ್ತಿಲ್ಲ. ನನಗೆ ಹದಿಮೂರು. ಕಂಪನಿಯ ವಿಜಯಪುರದ ಕ್ಯಾಂಪು. ದರ್ಬಾರು ಸೀನು. ರಾಜನ ಪಾತ್ರಕ್ಕೆ ಮುನಿಸ್ವಾಮಿ, ಹೊಸಬ. ಮಂತ್ರಿಯನ್ನು ಗದರಿಸಿದವನೇ, ಸೆರೆಯಾಳಿನ ತೀರ್ಪು ಕೊಡದೆ, ತಿರುಗಿ ಒಳಗೆ ಹೋಗಿಬಿಟ್ಟ! ಖಾಲಿ ಸಿಂಹಾಸನ. ಶಿಳ್ಳೆ. ಟೊಮೆಟೊ. ಪರದೆ ಇಳಿಸಿದರು.

ಮಾಲೀಕರು ಹಾಳೆ ಕೇಳಿದರು. “ಹಾಳಿ ಸರಿ ಅದ. ಕುಡುದು ಬಂದಾನ, ಮಾತು ಮರತಾನ” ಅಂದ ನನ್ನಪ್ಪ. ಮುನಿಸ್ವಾಮಿ ಅಳುತ್ತ, “ನಾ ಕುಡುದಿಲ್ರಿ, ಬರದದ್ದು ಮಾಡೇನ್ರಿ” ಅಂದ. ಆ ಸಂಜೆಯೇ ಗಂಟುಮೂಟೆ ಕಟ್ಟಿಸಿದರು.

ಹಾಳೆ ನಾನು ನೋಡಿದ್ದೆ. ಅಪ್ಪನ ದುಂಡು ಅಕ್ಷರ. ರಾಜ ಹೋಗಬೇಕಾದ ಜಾಗಕ್ಕೆ ಎರಡು ಪುಟ ಮೊದಲೇ, ಕಂಸದಲ್ಲಿ: (ಹೋಗುವನು). ನಾಟಕದಲ್ಲಿ ಅಲ್ಲಿ ಹೋಗಬೇಕಾದವನು ಮಂತ್ರಿ, ರಾಜನಲ್ಲ. ಅಪ್ಪ ಹಾಳೆಯನ್ನು ಒಲೆಗೆ ಹಾಕಿದ. ನನ್ನನ್ನು ನೋಡಿದ. ನಾನು ಒಲೆ ಊದಿದೆ.

ಅಪ್ಪನ ತಪ್ಪಿಗೆ ಮುನಿಸ್ವಾಮಿ ಊರು ಬಿಟ್ಟ. ನನ್ನ ಮನೆಯ ತಪ್ಪಿಗೆ ಸಂಕಪ್ಪ ಎಲೆ ಬಿಟ್ಟ. ಕೆಟ್ಟ ಜೀನು ಅಪ್ಪನದೋ ಅವ್ವನದೋ, ತಿಳಿಯುವ ದಾರಿ ಈಗ ಇಲ್ಲ. ಅದಕ್ಕೆ ಅವರನ್ನು ಬೈಯುವಂತೆಯೂ ಇಲ್ಲ, ಬಂದದ್ದು ಬಂತು. ಆದರೆ ಕಂಡವರ ತಲೆಗೆ ಕಟ್ಟುವುದು? ಅದು ಯಾವ ರಕ್ತದಲ್ಲೂ ಬರೆದಿಲ್ಲ. ಅದನ್ನು ನೋಡಿ ಕಲಿತೆ, ಒಲೆಯ ಮುಂದೆ ಕೂತು.

22 ಜುಲೈ

ಚಿನ್ನು: “ಅಜ್ಜಾ, ನಿಮ್ಮನಿಗೆ ನಾವು ಎಂದ ಬರೂದು?”

ನಿಮ್ಮನಿ ಅಂದಳು.

ಕುಸುಮ: “ಅಜ್ಜನ್ನ ಕೇಳು.”

ನೀರು ತರುತ್ತೇನೆಂದು ಹೊರಗೆ ಬಂದೆ.

28 ಜುಲೈ, ಸಂಜೆ 6

ಆಯಿತು. ಸಭಾಂಗಣ ತುಂಬಿತ್ತು. ಶ್ರೀನಾಥ್ ಹೇಳಿದಂತೆ ಪಾರ್ಕಿಂಗಿನವರೂ ಬಂದರು. ಟ್ರಂಕು ತೆರೆದೆ, ನಕಲುಗಾರನನ್ನು ಕೂರಿಸಿದೆ, ಹಾಳೆಯನ್ನು ಹೊರಗೆ ಓಡಿಸಿದೆ, ಮಣಿ ಪೋಣಿಸಿದೆ. ಹದಿನೈದನೆಯ ಮಣಿಗೆ ಗಕ್ಕನೆ ನಿಂತೆ. ಒಂದು ಮಗು ಅತ್ತಿತು. ಆಮೇಲೆ ಜವಳದ ಕಥೆ ಹೇಳಿದೆ. ಎಲೆ ಬಿಟ್ಟು ಎದ್ದ ಬೀಗನ ಕಥೆ. ಅಜ್ಜನ ರಿಪೋರ್ಟಿನ ಕಥೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು. ಎದ್ದು ನಿಂತು ಚಪ್ಪಾಳೆ! ಅರವತ್ತೆರಡು ಜನ ತಪಾಸಣೆಗೆ ರಕ್ತ ಕೊಟ್ಟರು, ಡಾಕ್ಟರು ಕೈ ಹಿಡಿದು ಕುಲುಕಿದರು. ಹೇಳಿಬಿಟ್ಟೆ ಎಂದುಕೊಂಡೆ. ಹಗುರಾದೆ.

ಪ್ರಲ್ಹಾದ ವಿಡಿಯೋ ಭೋರಿಗೆ ಕಳಿಸಿದ್ದ. ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಉತ್ತರ ಬಂತು. ಕುಸುಮಳ ದನಿ. ಫೋನು ನನ್ನ ಕೈಗೆ ಕೊಟ್ಟು ಅವನು ಒಳಗೆ ಹೋದ.

“ನೋಡಿದ್ವಿ ಮಾಮಾ. ಭಾಳ ಛಲೋ ಮಾಡೀರಿ. ಅಪ್ಪನೂ ಗಿರಣಿ ಬಂದ್ ಮಾಡಿ ಕುಂತು ನೋಡಿದ್ರು. ‘ಒಂದು ಊರಾಗ ಒಬ್ಬ ಅಜ್ಜ ಇದ್ದ’ ಅಂದ್ರಿ... ಆ ಅಜ್ಜನ ಹೆಸರು ಏನ್ರಿ?”

ಅಷ್ಟೇ.

ಹೌದು. ಅರ್ಧ ಗಂಟೆ ಮಾತಾಡಿದೆ. ‘ನಾನು’ ಅನ್ನಲಿಲ್ಲ. ಸಭೆ ಅತ್ತದ್ದು ಯಾವನೋ ಒಬ್ಬ ಅಜ್ಜನಿಗಾಗಿ. ಚಪ್ಪಾಳೆ ಮಾತ್ರ ನಾನು ಇಸಕೊಂಡೆ.

29 ಜುಲೈ, ಸಂಜೆ 5

ಬಣ್ಣದ ಪೆಟ್ಟಿಗೆ ತೆರೆದು ರಿಪೋರ್ಟು ಪ್ರಲ್ಹಾದನ ಮುಂದೆ ಇಟ್ಟೆ. ಓದಲೂ ಇಲ್ಲ ಅವನು.

“ಗೊತ್ತಿತ್ತು. ಅತ್ತಿಗೆ ಅದ ಅಂದ ಮ್ಯಾಲೆ ನಿನಗೂ ಇರ್ತದ ಅಂತ ಅನಸಿತ್ತು. ನೀನ ಹೇಳ್ತಿ ಅಂತ ದಾರಿ ನೋಡಿದೆ.” ರಿಪೋರ್ಟು ನನ್ನ ಕಡೆಗೇ ಸರಿಸಿ, “ಭೋರಿಗೆ ಹೋಗಿ ಅವರ ಮುಂದ ಹೇಳಬಹುದು. ಅವ್ವನ ಮ್ಯಾಲೆ ಹಾಕಿದೆಲ್ಲ, ಅದನ್ನ ಯಾರ ಮುಂದ ಹೇಳ್ತಿ?”

ಹೊಸ ಹಾರ ತಂದು ಶಿವಕಾಂತಾಳ ಫೋಟೋಕ್ಕೆ ಹಾಕಿದೆ. ಹಾರ ಉತ್ತರವಲ್ಲ.

ಭೋರಿಗೆ ಮಾತು ಬರೆದುಕೊಂಡೆ. ಮೊದಲ ಕರಡು ಮೂರು ಪುಟ — ಅದರಲ್ಲಿ ಗಂಗೆ ಇದ್ದಳು, ಬೆಂಕಿ ಇತ್ತು. ಹರಿದೆ. ಎರಡನೆಯದು ಒಂದು ಪುಟ, ಕೊನೆಗೆ ಮೊಣಕಾಲೂರುವುದು ಇತ್ತು. ಹರಿದೆ. ಈಗ ನಾಲ್ಕು ಸಾಲು ಉಳಿದಿದೆ. ಕಂಸದಲ್ಲಿ ಏನೂ ಇಲ್ಲ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಸ್ವಾರಗೇಟ್ ನಿಲ್ದಾಣದಿಂದ ಭೋರಿನ ಬಸ್ಸು ಹಿಡಿಯುತ್ತೇನೆ. ಶಲ್ಯ ಒಯ್ಯುವುದಿಲ್ಲ. ಎಂಟಕ್ಕೆ ಗಿರಣಿಯ ಮುಂದೆ ಜೋಳ ಗೋದಿಯ ಡಬ್ಬಿ ಹಿಡಿದವರ ಸಾಲು ಇರುತ್ತದೆ. ನಾಲ್ಕಲ್ಲ, ಹದಿನಾಲ್ಕು ಮಂದಿ. ಸಂಕಪ್ಪ ತಲೆ ಎತ್ತದಿರಬಹುದು. ಗಿರಣಿ ನಿಲ್ಲಿಸಿರಿ ಎಂದು ಕೇಳುವುದಿಲ್ಲ. ಈ ಗಂಟಲು ಇನ್ನು ಯಾತಕ್ಕಿದೆ, ಗಿರಣಿಯ ಸದ್ದನ್ನೂ ಮೀರಿ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಮೊದಲು ನನ್ನ ಹೆಸರು. ಆಮೇಲೆ, ‘ಇದು ಗಿರಣಿ ಮನಿ ರಕ್ತ ಅಲ್ಲ, ನಮ್ಮ ಮನಿದು, ನಂದು.’