ಜೂನ್ ಆರರ ಹುಲ್ಲು

ಬೋಲ್ಟನ್
೧೧ ನವೆಂಬರ್ ೨೦೧೮

ಚಂದ್ರೂ,

‘ಪ್ರೀತಿಯ’ ಎಂದು ಬರೆಯಲು ಹೋದ ಕೈ ನಿಂತಿತು, ಬರೀ ಹೆಸರೇ ಸಾಕು ಎನಿಸಿತು. ಕ್ಯಾಲ್ಗರಿಯ ಒಣ ಚಳಿ ನಿನ್ನ ಸೈನಸ್ಸಿಗೆ ಒಗ್ಗಿತೇ? ಮಾಲವಿಕಾ ಹೇಗಿದ್ದಾಳೆ? ಸಾನ್ವಿಗೆ ಹೊಸ ಸ್ಕೂಲು ಹಿಡಿಸಿತೇ? ನನ್ನ ಮಂಡಿ ಮೊದಲಿನಂತೆಯೇ ಇದೆ, ಮೆಟ್ಟಿಲು ಇಳಿಯುವಾಗ ಮಾತ್ರ ಕಾಡುತ್ತದೆ. ಫೆಬ್ರವರಿ ಬಂದರೆ ನಿನ್ನ ಭಾವ ಹೋಗಿ ಎರಡು ವರ್ಷ.

ರಿಟೈರಾದ ಮೇಲೆ ಒಂಬತ್ತು ಬೇಸಿಗೆ ಅವರು ಮನೆ ಹಿಂದಿನ ಹುಲ್ಲುಗಾವಲಿನ ಬೇಲಿಗೆ ಒರಗಿ ಬಾಬೊಲಿಂಕ್ ಹಕ್ಕಿ ಎಣಿಸಿದರು. ಅದು ದಕ್ಷಿಣ ಅಮೆರಿಕದಿಂದ ಹಾರಿ ಬಂದು ಹುಲ್ಲಿನೊಳಗೆ ನೆಲದ ಮೇಲೆ ಗೂಡು ಕಟ್ಟುತ್ತದೆ, ಮರಿ ಹಾರುವ ತನಕ, ಅಂದರೆ ಜುಲೈ ನಡುವಿನ ತನಕ, ಹುಲ್ಲು ಕೊಯ್ಯಬಾರದು ಎಂದು ಮನೆಗೆ ಬಂದವರಿಗೆಲ್ಲ ಕಾಫಿ ಆರಿಹೋಗುವಷ್ಟು ಹೊತ್ತು ಹೇಳುತ್ತಿದ್ದರು. ನೀನೂ ಕೇಳಿದ್ದೀಯ. ಅಲ್ಲಿ ವೇರ್‌ಹೌಸು ಬರುತ್ತದೆ, ಕಂಪನಿಗೆ ಪರಿಸರದ ವರದಿ ಬರೆಯುವವನು ನೀನೇ ಎಂದು ತಿಳಿದಾಗ ಅವರು ಖುಷಿಪಟ್ಟರು. ನಮ್ಮ ಹುಡುಗನೇ ಅಲ್ಲವೇ ಎಂದು ಒಂಬತ್ತೂ ನೋಟ್‌ಬುಕ್ಕುಗಳನ್ನು ನಿನ್ನ ಕಾರಿನಲ್ಲಿಟ್ಟರು. ಅವನ್ನು ನೀನು ಹಿಂದಿರುಗಿಸಲೇ ಇಲ್ಲ. ವರದಿಯಲ್ಲಿ ನೀನು ಬರೆದದ್ದು ಇಷ್ಟು: ಸ್ಥಳೀಯ ಹವ್ಯಾಸಿಯೊಬ್ಬರ ಟಿಪ್ಪಣಿಗಳು ನಂಬಲರ್ಹವಲ್ಲ, ೨೦೧೬ರ ಜೂನ್ ಎಂಟರ ಪರಿಶೀಲನೆಯಲ್ಲಿ ಒಂದು ಗೂಡೂ ಕಂಡಿಲ್ಲ. ಫೋನು ಮಾಡಿ ಕೇಳಿದಾಗ ನೀನು, “ಅಕ್ಕ, ಭಾವ ಎಣಿಸಿದ್ದು ಟೈಮ್‌ಪಾಸಿಗೆ. ಅದನ್ನ ಡೇಟಾ ಅನ್ನಕ್ಕಾಗಲ್ಲ” ಎಂದೆ. ಸ್ಪೀಕರ್ ಹಾಕಿತ್ತು. ಅವರು ಎದುರಿಗೇ ಕೂತಿದ್ದರು. ಎದ್ದು ಹೋಗಿ ಬೈನಾಕ್ಯುಲರನ್ನು ಕಪಾಟಿನಲ್ಲಿಟ್ಟರು. ಮತ್ತೆ ಹಕ್ಕಿ ಬರುವ ಕಾಲಕ್ಕೆ ಅವರಿರಲಿಲ್ಲ.

ಅವರು ಹೋದ ಮೇಲೆ ನಾನು ಹಕ್ಕಿ ನೋಡುವವರ ಕ್ಲಬ್ಬಿಗೆ ಬರಿಗೈಯಲ್ಲಿ ಹೋದೆ. ಕ್ಲಬ್ಬಿನವರ ಬಳಿ ಅದೇ ೨೦೧೬ರ ಜೂನ್ ಮೂರರಂದು ತಾವೇ ಮಾಡಿದ ಎಣಿಕೆ ಇತ್ತು: ಇಪ್ಪತ್ತೆರಡು ಜೋಡಿ. ಮೂರರಂದು ಇದ್ದವು ಎಂಟರಂದು ಎಲ್ಲಿ ಹೋದವು? ಅದನ್ನು ರೈತರನ್ನು ಕೇಳಬೇಕಿತ್ತು. ಆದರೆ ಹುಲ್ಲು ಬೇಗ ಕೊಯ್ಯುತ್ತಾರೆಂದು ಕ್ಲಬ್ಬಿನವರಿಗೆ ರೈತರ ಮೇಲೆ ಸಿಟ್ಟು, ಬೇಲಿ ಆಚೆ ನಿಂತು ಬುದ್ಧಿ ಹೇಳುತ್ತಾರೆಂದು ರೈತರಿಗೆ ಇವರ ಮೇಲೆ ಸಿಟ್ಟು. ಹಂಬರ್ ನದಿಯಲ್ಲಿ ಮೀನು ಹಿಡಿಯುವವರ ಸಂಘಕ್ಕೆ ಇಬ್ಬರೂ ಬೇಡ, ಆ ಹುಲ್ಲುಗಾವಲಿನ ಅಂಚಿನಲ್ಲಿ ಹರಿದು ನದಿ ಸೇರುವ ತೊರೆಯ ನೀರು ಮೀನಿಗೆ ಬೇಕಾದಷ್ಟು ತಣ್ಣಗಿದ್ದರೆ ಸಾಕು. ಮೂವರನ್ನೂ ನಮ್ಮ ಬೇಸ್‌ಮೆಂಟಿನಲ್ಲಿ ಕೂರಿಸಲು ನಾನು ಎಷ್ಟು ಕೋಡುಬಳೆ ಕರಿದೆನೋ. ತಡವಾಗಿ ಕೊಯ್ದ ಹುಲ್ಲಿಗೆ ಗಿರಾಕಿ ಹುಡುಕಿಕೊಡುತ್ತೇವೆ ಎಂದು ಕ್ಲಬ್ಬಿನವರು ಒಪ್ಪಿದ ದಿನ ರೈತರ ಬಾಯಿ ಬಿಚ್ಚಿತು. ನಮ್ಮ ಮನೆ ಹಿಂದಿನ ಆ ಹೊಲವನ್ನು ಗುತ್ತಿಗೆಗೆ ಮಾಡುತ್ತಿದ್ದವನು, ಜೂನಿನಲ್ಲಿ ಕೊಯ್ಯಲು ತಾನು ಒಪ್ಪಲಿಲ್ಲ, ಆರನೇ ತಾರೀಖು ಕಂಪನಿಯೇ ಹೊರಗಿನಿಂದ ಮಿಷನ್ನು ತಂದು ಕೊಯ್ಯಿಸಿತು ಎಂದ. ಮೀನು ಸಂಘದ ಮುದುಕರೊಬ್ಬರು ಆ ದಿನ ತೊರೆಯ ನೀರಿನ ಬಿಸಿ ಅಳೆಯಲು ಹೋಗಿದ್ದರಂತೆ. ಆಗ ತೆಗೆದ, ತಾರೀಖು ಬಿದ್ದ ಫೋಟೋವನ್ನು ಮೇಜಿನ ಮೇಲಿಟ್ಟರು.

ಫೋಟೋದಲ್ಲಿ ಎಲ್ಲರೂ ಮಿಷನ್ನು ನೋಡಿದರು. ನಾನು ಪಕ್ಕದಲ್ಲಿ ಬೆನ್ನು ಮಾಡಿ ನಿಂತವನನ್ನು ನೋಡಿದೆ. ನೀನು ಹುಟ್ಟಿದಾಗ ನನಗೆ ಹನ್ನೆರಡು, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಗುರುತು ಹತ್ತಲು ಮುಖ ಬೇಕಾಗಲಿಲ್ಲ. ಗೂಡುಗಳ ಮೇಲೆ ಬ್ಲೇಡು ಹರಿಯುವುದನ್ನು ನಿಂತು ನೋಡಿ, ಎರಡು ದಿನ ಬಿಟ್ಟು ಬಂದು ಏನೂ ಇಲ್ಲವೆಂದು ಬರೆದೆ. ಇವನು ನನ್ನ ತಮ್ಮ ಎಂದು ಅವರಿಗೆ ಹೇಳಿದೆ. ಆ ಫೋಟೋ ಬಿಟ್ಟುಬಿಡೋಣವೇ ಎಂದು ರೈತ ಮೆಲ್ಲಗೆ ಕೇಳಿದ. ದೊಡ್ಡದಾಗಿ ಪ್ರಿಂಟು ಹಾಕಿಸಿ ಎಂದೆ.

ಮಾರ್ಚಿನಲ್ಲಿ ವೇರ್‌ಹೌಸಿನ ಅರ್ಜಿಯ ಹಿಯರಿಂಗ್ ದಿನ ಕಾರಿಡಾರಿನಲ್ಲಿ ನೀನು ಅಡ್ಡ ಬಂದು, “ಅಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡ” ಎಂದೆ. ನಾನು ನಿನ್ನನ್ನು ದಾಟಿ ಒಳಗೆ ಹೋದೆ. ಮೂರು ಗುಂಪಿನ ಮೂರು ದಾಖಲೆ, ಒಂದೇ ಫೈಲು. ಫೋಟೋ ತೋರಿಸುವ ಸರದಿ ನಾನೇ ಕೇಳಿ ಪಡೆದಿದ್ದೆ. ನಿನ್ನ ಮುಖ ಬಿಳುಚಿಕೊಂಡಾಗ ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಏಪ್ರಿಲ್ಲಿನಲ್ಲಿ ಕಂಪನಿ ಅರ್ಜಿ ವಾಪಸು ಪಡೆಯಿತು. ಈಗ ಭೂಮಿ ಕಾಯುವ ಟ್ರಸ್ಟೊಂದು ಹೊಲವನ್ನು ವಹಿಸಿಕೊಂಡಿದೆ. ಈ ವರ್ಷ ರೈತ ಜುಲೈ ಇಪ್ಪತ್ತಕ್ಕೆ ಕೊಯ್ದ, ಮೀನಿನವರು ತೊರೆಯಂಚಿಗೆ ಗಿಡ ನೆಟ್ಟರು, ನಾವು ಹದಿನಾಲ್ಕು ಜೋಡಿ ಎಣಿಸಿದೆವು.

ಹೊರಗೆ ಹೋಗುವಾಗ ಕಿವಿ ಮುಚ್ಚಿಕೊ. ಮಾಲವಿಕಾ, ಸಾನ್ವಿ ನೂರು ಕಾಲ ಸುಖವಾಗಿರಲಿ. ಆ ಹರಕೆಯೊಳಗೆ ನಿನ್ನ ಹೆಸರು ಸೇರಿಸಲು ಇನ್ನೂ ಮನಸ್ಸು ಬಂದಿಲ್ಲ.

ನಿನ್ನ ಅಕ್ಕ,
ವಾಸಂತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಇಂಥ ವರದಿ ಬರೆಯಲು ನಿನಗಿರುವ ಲೈಸೆನ್ಸಿನ ಮೇಲೆ, ಅದನ್ನು ಕೊಟ್ಟ ಮಂಡಳಿಗೆ ದೂರು ಕೊಡೋಣವೆಂದಾಗ ಮೂರೂ ಗುಂಪಿನವರು ಬೇಡವೆಂದರು. ನಮ್ಮ ಜಗಳ ವೇರ್‌ಹೌಸಿನ ಜೊತೆಗಿತ್ತು, ನಿಮ್ಮ ತಮ್ಮನ ಜೊತೆಗಲ್ಲ ಎಂದರು. ಅವರ ಮಟ್ಟಿಗೆ ಅದು ಸರಿ. ಮೊನ್ನೆ ಶುಕ್ರವಾರ ಆ ದೂರಿಗೆ ನಾನೊಬ್ಬಳೇ ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಫೋನು ಮಾಡಬೇಡ. ವಿಚಾರಣೆಗೆ ಸಾಕ್ಷಿಯಾಗಿ ನಾನೇ ಬರುತ್ತೇನೆ.